ರಾಷ್ಟ್ರಪಿತನ ಹುದ್ದೆಯಿಂದ ನಿವೃತ್ತಿ

ಮೂವತ್ತಮೂರನೆಯ ವಯಸ್ಸಿಗೆ ನಾನು ರಾಷ್ಟ್ರಪಿತನ ಹುದ್ದೆಯಿಂದ ನಿವೃತ್ತನಾದೆ. ಬೀಳ್ಕೊಡುಗೆ ಸಮಾರಂಭ ನಡೆಯಲಿಲ್ಲ. ಶಾಲು ಹೊದೆಸುವುದು ಹೋಗಲಿ, ಮೈಮೇಲಿದ್ದ ಶಾಲನ್ನೂ ಬಿಚ್ಚಿಸಿಕೊಂಡು ಕಳಿಸಿದರು. ಅದು ಅಂಗಡಿಯದಾಗಿತ್ತು.

ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ಹೊಟ್ಟೆ ಬಂತು ಎಂದು ಹೇಳುತ್ತೇನೆ. ಹೊಟ್ಟೆ ಬಂದದ್ದು ಸುಳ್ಳಲ್ಲ. ಉಪವಾಸಕ್ಕೆ ಹೆಸರಾದವರ ವೇಷದಲ್ಲಿ ನಿಂತು ಉಸಿರು ಒಳಗೆಳೆದುಕೊಂಡೇ ಕೊನೆಯ ಎರಡು ವರ್ಷ ಸೇವೆ ಸಲ್ಲಿಸಿದ್ದೇನೆ. ರಾಷ್ಟ್ರಗೀತೆ ಇನ್ನೊಂದು ಚರಣ ಉದ್ದವಿದ್ದಿದ್ದರೆ ಹುತಾತ್ಮನಾಗುತ್ತಿದ್ದೆ. ಆದರೆ ಕೆಲಸ ಹೋದದ್ದು ಹೊಟ್ಟೆಯಿಂದಲ್ಲ. ಈಗ ಈ ಕಡೆ ಇದೇ ಕೆಲಸಕ್ಕೆ ಹೊಸಬರು ಬರುತ್ತಿದ್ದಾರೆ. ಮೊಬೈಲಿನಲ್ಲಿ ನೋಡಿ ಬಣ್ಣ ಬಳಿದುಕೊಳ್ಳುವುದನ್ನು ಕಲಿತಿದ್ದಾರೆ. ಬಣ್ಣದ ಕೆಳಗೆ ಏನಾಗುತ್ತದೆ ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕು.

ಕೆಲಸ ಹೇಳಲಿಕ್ಕೆ ಸುಲಭ. ತಲೆ ಬೋಳಿಸಿ, ಮೈಗೆಲ್ಲ ಬೆಳ್ಳಿ ಬಣ್ಣ ಬಳಿದು, ತುಂಡು ಪಂಚೆ ಉಟ್ಟು, ಹೆಗಲಿಗೊಂದು ಶಾಲು ಇಳಿಬಿಟ್ಟು, ದುಂಡು ಕನ್ನಡಕ ಹಾಕಿ, ಕೋಲು ಹಿಡಿದು ಒಂದು ಪೀಠದ ಮೇಲೆ ಅಲ್ಲಾಡದೆ ನಿಲ್ಲುವುದು. ಆಗಸ್ಟ್ ಹದಿನೈದು, ಅಕ್ಟೋಬರ್ ಎರಡು, ಶಾಲೆಗಳ ವಾರ್ಷಿಕೋತ್ಸವ, ಬಟ್ಟೆ ಅಂಗಡಿಯ ಉದ್ಘಾಟನೆ ಎಲ್ಲಕ್ಕೂ ಕರೆ ಬರುತ್ತಿತ್ತು. ಒಮ್ಮೆ ಒಂದು ಮದುವೆಗೂ ಕರೆದಿದ್ದರು. ಊಟದ ಹಾಲಿನ ಬಾಗಿಲಲ್ಲಿ ನಿಲ್ಲಿಸಿದರು. ನನ್ನ ಪಕ್ಕೆಲುಬು ನೋಡಿ ಜನ ಒಳಗೆ ಹೋಗಿ ಕಡಿಮೆ ಉಂಡರಂತೆ. ಹೆಣ್ಣಿನ ತಂದೆಗೆ ಬಹಳ ಸಂತೋಷವಾಯಿತು.

ನಾನು ಅಂಕೋಲೆ ತಾಲೂಕಿನ ಶೆಟಗೇರಿಯವನು. ಹೆಸರು ಮಂಜು. ಇಪ್ಪತ್ತಮೂರರ ವಯಸ್ಸಿನಲ್ಲಿ, ಸುಗ್ಗಿಯ ಹಗರಣ ಎಂಬ ವೇಷದ ಮೆರವಣಿಗೆಗೆ ಹುಲಿಯಾಗಬೇಕೆಂದು ಹುಲಿವೇಷದ ಬಾಡಿಗೆ ಕೇಳಲು ಕಾರವಾರದ ಕೋಡಿಬಾಗಕ್ಕೆ ಹೋಗಿದ್ದೆ. ಅಲ್ಲಿ ಕಾಳಿ ನದಿಯ ಕಡೆಗೆ ಬೆನ್ನು ಹಾಕಿ ಒಂದು ವೇಷದ ಅಂಗಡಿ ಇತ್ತು. ಮಾಲೀಕರು ವಿಠೋಬ ಮಾಮ. ಮನೆಮಾತು ಕೊಂಕಣಿ, ಬೈಯುವುದು ಮಾತ್ರ ಕನ್ನಡದಲ್ಲಿ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹುಲಿಯಾ? ಅರೇ ಬಾಬಾ, ನಿನ್ನ ನೋಡಿದ್ರೆ ಹುಲಿ ತಿಂದು ಬಿಟ್ಟದ್ದು ಅನ್ನಿಸ್ತದೆ. ಅಂಗಿ ತೆಗಿ ನೋಡ್ವಾ."

ತೆಗೆದೆ.

"ಪಳೆ, ನೋಡು! ಒಂದೊಂದು ಎಲುಬೂ ಕಾಣ್ತದೆ. ಅಜ್ಜ ಆಗ್ತೀಯಾ?"

ಮದುವೆಯಾಗದೆ ನೇರವಾಗಿ ಅಜ್ಜನಾಗುವ, ಅದೂ ಇಡೀ ದೇಶದ ಅಜ್ಜನಾಗುವ ಅವಕಾಶ ಎಷ್ಟು ಜನರಿಗೆ ಸಿಗುತ್ತದೆ? ಒಪ್ಪಿಬಿಟ್ಟೆ.

ಅಲ್ಲಿಯವರೆಗೆ ಜಿಲ್ಲೆಗೆಲ್ಲ ಅಜ್ಜ ಎಂದರೆ ವಿಠೋಬ ಮಾಮನೇ. ಮೊಣಕಾಲು ಹೋದದ್ದರಿಂದ ಬಿಟ್ಟಿದ್ದರು. ಅವರ ಕಾಲದಲ್ಲಿ ಸತುವಿನ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಬಳಿಯುತ್ತಿದ್ದರಂತೆ. ತೊಳೆದರೂ ವಾರಗಟ್ಟಲೆ ಕಿವಿಯ ಹಿಂದೆ ಹೊಳೆಯುತ್ತಿತ್ತಂತೆ. ನನ್ನ ಕಾಲಕ್ಕೆ ನೀರಿನ ಬಣ್ಣ ಬಂತು. ಕಾರವಾರದ ಸೆಕೆಗೆ ಅದು ಮೈಯ ಮೇಲೆ ನಿಲ್ಲುವುದಕ್ಕಿಂತ ಪೀಠದ ಮೇಲೆ ನಿಲ್ಲುವುದೇ ಜಾಸ್ತಿ.

ನಿಲ್ಲುವುದನ್ನು ಮಾಮ ಕಲಿಸಿದರು. ಮೊದಲ ದಿನ ನಾನು ಕಂಬದ ಹಾಗೆ ಬಿಗಿದು ನಿಂತೆ.

"ಕಲ್ಲಿನ ಹಂಗೆ ನಿಲ್ಲುದಲ್ಲ ರೇ. ಬರ್ತೇನೆ ಅಂದವ ಬರ್ಲಿಲ್ಲ, ಆದ್ರೂ ಸಿಟ್ಟಿಲ್ಲ. ಹಂಗೆ ನಿಲ್ಲು."

ಇದಕ್ಕಿಂತ ಒಳ್ಳೆಯ ಪಾಠವನ್ನು ಇವತ್ತಿಗೂ ನಾನು ಕೇಳಿಲ್ಲ. ಅದು ಬರಲಿಕ್ಕೆ ನನಗೆ ವರ್ಷಗಳೇ ಹಿಡಿದವು. ಮೊದಮೊದಲು ನಾನು ನಿಂತರೆ, ಬಸ್ಸು ತಪ್ಪಿಸಿಕೊಂಡವನ ಹಾಗೆ ಕಾಣುತ್ತಿದ್ದೆನಂತೆ.

ಕೋಲು ಕೈಗೆ ಕೊಡುವಾಗ ಮಾಮ ಕರಾರು ಹೇಳಿದರು: "ಮಾತು ಇಲ್ಲ. ನಗು ಇಲ್ಲ. ಜನ ಅಜ್ಜನ್ನ ನೋಡಿ ನಕ್ಕರು ಅಂತ ನನ್ನ ಕಿವಿಗೆ ಬಿತ್ತೋ, ಅವತ್ತೇ ಇದನ್ನ ಇಲ್ಲಿ ಇಟ್ಟು ಬಸ್ಸು ಹತ್ತು."

ಇದು ಎಂಥ ಕರಾರು ನೋಡಿ. ನಾನು ಹುಟ್ಟಿದಾಗಲೇ ಸೂಲಗಿತ್ತಿ ನಕ್ಕಿದ್ದಳಂತೆ. ಶಾಲೆಯಲ್ಲಿ ಹಾಜರಿ ಹೇಳಿದರೂ ನಗುತ್ತಿದ್ದರು. ಅಂಥವನು ಜನ ನಗದ ಹಾಗೆ ಬದುಕಬೇಕಿತ್ತು. ಆದರೆ ಆ ಕೋಲು ಹಿಡಿದ ಮೊದಲ ಬೆಳಿಗ್ಗೆಯೇ ಗೊತ್ತಾಯಿತು, ಇದನ್ನು ಬಿಟ್ಟು ನನ್ನಿಂದ ಇರಲಾಗುವುದಿಲ್ಲ ಎಂದು. ಕಾರವಾರದ ಕಡಲ ದಂಡೆಯ ರಸ್ತೆಯಲ್ಲಿ ಒಬ್ಬ ಕುಡುಕ ತೂರಾಡುತ್ತ ಬಂದ. ನನ್ನನ್ನು ನೋಡಿದ. ಬಾಟಲಿಯನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡು ನೆಟ್ಟಗೆ ನಡೆದು ಹೋದ. ಮಂಜುವನ್ನು ಕಂಡು ಜಗತ್ತಿನಲ್ಲಿ ಯಾವ ಮನುಷ್ಯನೂ ಏನನ್ನೂ ಬಚ್ಚಿಟ್ಟಿರಲಿಲ್ಲ.

ಇನ್ನು ನನ್ನ ಸಾಧನೆಗಳು.

ಒಂದು ಆಗಸ್ಟ್ ಹದಿನೈದಕ್ಕೆ ಅಂಕೋಲೆಯ ಮೈದಾನದಲ್ಲಿ ಮಳೆ ಹಿಡಿಯಿತು. ಪೀಠದಿಂದ ಇಳಿಯುವ ಹಾಗಿಲ್ಲ, ಧ್ವಜ ಇನ್ನೂ ಏರಿರಲಿಲ್ಲ. ಪಂಚೆ ಒದ್ದೆಯಾಗಿ ಮೈಗಂಟಿತು. ಅದರ ಕೆಳಗೆ ನಾನು ಉಟ್ಟಿದ್ದದ್ದು ಬಾಳೆಹಣ್ಣು ತಿನ್ನುವ ಮಂಗಗಳ ಚಿತ್ರವಿದ್ದ ಚಡ್ಡಿ. ಎದುರಿಗೆ ಇಡೀ ತಾಲೂಕಿನ ಶಾಲೆಗಳು. ನನ್ನ ಸೇವಾವಧಿ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಂದಿನ ಸಾಲಿನ ಮಕ್ಕಳ ಬಾಯಿ ಅರಳುತ್ತಿತ್ತು. ಅಷ್ಟರಲ್ಲಿ ಒಬ್ಬ ಟೀಚರು ಓಡಿಬಂದು ತನ್ನ ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದಳು. ಸೀರೆ ನೆನೆಯುತ್ತಿತ್ತು. "ಅಜ್ಜ ನೆನೀತಿದ್ರು" ಎಂದಳು ಪಕ್ಕದವಳಿಗೆ, ಅಷ್ಟೆ. ಯಾರೂ ನಗಲಿಲ್ಲ. ನನ್ನ ಮಂಗಗಳನ್ನು ಕಾಪಾಡಿದ್ದು ನಾನಲ್ಲ, ನಿಜವಾದ ಅಜ್ಜ.

ಇನ್ನೊಮ್ಮೆ, ಕಾರವಾರದಲ್ಲೊಂದು ಅಂಕೋಲೆಯಲ್ಲೊಂದು, ಒಂದೇ ಬೆಳಿಗ್ಗೆ ಎರಡು ಕಾರ್ಯಕ್ರಮ. ಬಣ್ಣ ತೊಳೆಯುವಷ್ಟು ಹೊತ್ತಿಲ್ಲದೆ ಹಾಗೇ ಬೈಕು ಹತ್ತಿದೆ. ಹೆಲ್ಮೆಟ್ ಹಾಕಿದರೆ ತಲೆಯ ಬೆಳ್ಳಿ ಹೋಗುತ್ತದೆ. ಹೆದ್ದಾರಿಯಲ್ಲಿ ಪೊಲೀಸಿನವ ಕೈ ಅಡ್ಡ ಹಿಡಿದ. ನೋಡಿದ. ಟೋಪಿ ಸರಿ ಮಾಡಿಕೊಂಡ.

"ನಮಸ್ಕಾರ ಅಜ್ಜ. ಹೆಲ್ಮೆಟ್ ಎಲ್ಲಿ?"

ಪೀಠದ ಮೇಲಿಲ್ಲವಲ್ಲ ಎಂದು ನಾನು ನಗೆಚಾಟಿಕೆ ಹಾರಿಸಿದೆ: "ಕಾಯ್ದೆ ಮುರಿಯುದನ್ನ ನಾನೇ ಅಲ್ವಾ ಸಾಹೇಬ್ರೆ ದೇಶಕ್ಕೆ ಕಲಿಸಿದ್ದು?"

"ಹೌದು ಅಜ್ಜ. ಆದ್ರೆ ನೀವು ಮುರಿದ ಮೇಲೆ ಓಡ್ತಿರ್ಲಿಲ್ಲ. ಪೊಲೀಸ್ರು ಬರುವ ತನಕ ಅಲ್ಲೇ ಕೂತಿರ್ತಿದ್ರಿ. ಬೈಕು ಬದಿಗೆ ಹಾಕಿ, ಕೂತ್ಕೊಳ್ಳಿ."

ಕೂತೆ. ಹಾದುಹೋಗುವ ಬಸ್ಸಿನವರೆಲ್ಲ ಕಿಟಕಿಯಿಂದ ನೋಡಿ, ಯಾವುದೋ ಸತ್ಯಾಗ್ರಹ ಎಂದು ಕೈಬೀಸಿದರು.

ಅತಿ ದೊಡ್ಡ ಅಪಾಯ ಬಂದದ್ದು ಬಂಗಡೆ ಮೀನಿನಿಂದ. ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿ ನಿಂತು, ಕಾರ್ಯಕ್ರಮ ಮುಗಿದ ಮೇಲೆ ಕಾರವಾರದ ಮಾರ್ಕೆಟ್ಟಿನ ಹಿಂದಿನ ಖಾನಾವಳಿಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಹುರಿದ ಬಂಗಡೆ ತಿನ್ನುತ್ತಿದ್ದೆ. ಬುಟ್ಟಿ ಹೊತ್ತ ಮೀನು ಮಾರುವ ಹೆಂಗಸೊಬ್ಬಳು ಒಳಗೆ ಬಂದವಳು ನಿಂತಲ್ಲೇ ನಿಂತಳು.

"ಅಯ್ಯೋ ಅಜ್ಜಾ! ನೀವು ಯಾವಾಗಿಂದ ಶುರು ಮಾಡಿದ್ರಿ?"

ಬಾಯಿ ತುಂಬ ಮೀನು. ಮಾತು ಇಲ್ಲ ಎಂಬ ಕರಾರನ್ನು ಅಷ್ಟು ಶ್ರದ್ಧೆಯಿಂದ ನಾನು ಇನ್ನೆಂದೂ ಪಾಲಿಸಿಲ್ಲ. ಅವಳು ಬಾಗಿಲ ಕಡೆ ನೋಡಿ, ಬುಟ್ಟಿ ಕೆಳಗಿಟ್ಟು, ನನ್ನ ಮುಂದೆ ಅಡ್ಡ ನಿಂತಳು. "ಬೇಗ ಮುಗಿಸಿ. ಯಾರಾದ್ರೂ ನೋಡಿದ್ರೆ ನಿಮ್ಗೇ ಕೆಟ್ಟ ಹೆಸ್ರು." ಅವಳಿಗೆ ನಾನು ವೇಷದವನು ಎಂದು ಗೊತ್ತಿತ್ತು. ಗೊತ್ತಿದ್ದೂ ಅಜ್ಜನ ಹೆಸರು ಉಳಿಸಲು ನಿಂತಳು.

ಇದೇ ಈ ಕೆಲಸದ ಮಾಯೆ. ಹೊಸಬರು ಕೇಳಿಸಿಕೊಳ್ಳಿ. ಜನ ಎಲ್ಲ ತಿಳಿದೂ ನಿಮ್ಮ ಮುಂದೆ ಬಂದು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ. ಈಗೀಗ ಸೆಲ್ಫಿ ತೆಗೆಯುತ್ತಾರೆ, ಅದೂ ಸರಿ. ಆದರೆ ಕ್ಲಿಕ್ಕಿಸುವ ಮೊದಲು ಒಂದು ಕ್ಷಣ ಮುಖ ಗಂಭೀರ ಮಾಡಿಕೊಳ್ಳುತ್ತಾರೆ. ಆ ಒಂದು ಕ್ಷಣವನ್ನೇ ಈಗ ನಾನು ನೆನೆಸಿಕೊಳ್ಳುವುದು. ಅದು ನನ್ನದಾಗಿರಲಿಲ್ಲ. ನನ್ನ ಮೂಲಕ ಎಲ್ಲಿಗೋ ಹೋಗುತ್ತಿತ್ತು, ಹೋಗುವಾಗ ನನ್ನನ್ನೂ ಸ್ವಲ್ಪ ಒರೆಸಿ ಹೋಗುತ್ತಿತ್ತು.

ಒಬ್ಬರಿಗೆ ಮಾತ್ರ ನಾನು ಹೆದರುತ್ತಿದ್ದೆ. ನಮ್ಮದೇ ಊರಿನ ಹೊನ್ನಮ್ಮಜ್ಜಿಗೆ.

ಹೊನ್ನಮ್ಮಜ್ಜಿಗೆ ತೊಂಬತ್ತು ದಾಟಿತ್ತು. ಅವಳು ಕಂಕುಳ ಕೂಸಾಗಿದ್ದಾಗ ಅವಳಪ್ಪ, ನಿಜವಾದ ಅಜ್ಜನ ಮಾತು ಕೇಳಿ ಬ್ರಿಟಿಷ್ ಸರಕಾರಕ್ಕೆ ಜಮೀನಿನ ತೀರ್ವೆ, ಎಂದರೆ ಕಂದಾಯ, ಕಟ್ಟುವುದಿಲ್ಲ ಎಂದವನು. ನಮ್ಮ ತಾಲೂಕಿನಲ್ಲಿ ಅಂಥ ಮನೆಗಳು ಬಹಳ. ಗದ್ದೆ ಜಪ್ತಿಯಾಯಿತು, ಅವನು ಜೈಲಿಗೆ ಹೋದ, ಎದೆ ಕೆಟ್ಟು ಹಿಂದೆ ಬಂದ, ಹೆಚ್ಚು ದಿನ ಉಳಿಯಲಿಲ್ಲ. ಹೊನ್ನಮ್ಮಜ್ಜಿ ಬೇರೆಯವರ ಗದ್ದೆಯಲ್ಲಿ ನಟ್ಟಿ ಮಾಡುತ್ತಲೇ ಮುದುಕಿಯಾದಳು. ಪ್ರತಿ ಆಗಸ್ಟಿನಲ್ಲಿ ಅವಳನ್ನು ಮೈದಾನಕ್ಕೆ ಕರೆತಂದು, ಮುಂದಿನ ಸಾಲಿನಲ್ಲಿ ಕೂರಿಸಿ, ಶಾಲು ಹೊದೆಸಿ ಕಳಿಸುತ್ತಿದ್ದರು. ಅವಳು ಶಾಲನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

ಒಂದು ವರ್ಷ ಕೋಲೂರಿಕೊಂಡು ಪೀಠದ ಬುಡಕ್ಕೇ ಬಂದಳು. ಕತ್ತೆತ್ತಿ, "ನಿನ್ನ ಹತ್ರ ಒಂದು ಮಾತು ಕೇಳುದುಂಟು" ಎಂದಳು. ನಾನು ಮಂಜು ಎಂದು ಅವಳಿಗೆ ಚೆನ್ನಾಗಿ ಗೊತ್ತು. ಅವಳ ಹಿತ್ತಿಲ ಗೇರುಹಣ್ಣು ಕದ್ದು ಬೆಳೆದವನು ನಾನು. ಆದರೆ ಅವಳ ಕಣ್ಣು ನನ್ನ ಮೇಲಿರಲಿಲ್ಲ. ಕರಾರು ನೆನಪಾಯಿತು. ಬಾಯಿ ಮುಚ್ಚಿ ದೂರ ನೋಡುತ್ತ ನಿಂತೆ. ಕಾರ್ಯಕ್ರಮದವರು ಬಂದು, "ಬನ್ನಿ ಅಜ್ಜಿ, ಲಾಡು ಕೊಡ್ತಿದ್ದಾರೆ" ಎಂದು ಕರೆದೊಯ್ದರು. ಅದರ ಮರುವರ್ಷವೂ ಬಂದಳು. ಆಗಲೂ ಲಾಡು.

ಇದನ್ನು ಮಾಮನಿಗೆ ಹೇಳಿದೆ. "ಒಂದು ಮಾತು ಆಡಿದ್ರೆ ಏನಾಗ್ತದೆ ಮಾಮ?"

"ನೀನು ಅಜ್ಜ ಅಲ್ಲ. ಅಜ್ಜನ ಬಟ್ಟೆ. ಬಟ್ಟೆ ಮಾತಾಡುದಿಲ್ಲ."

ಆಮೇಲೆ ಸುಗ್ಗಿ ಬಂತು. ಗೊತ್ತಿಲ್ಲದವರಿಗೆ ಹೇಳಬೇಕು: ಹೋಳಿ ಹುಣ್ಣಿಮೆಯ ಹೊತ್ತಿಗೆ ಸುಗ್ಗಿ ಕುಣಿತ ಮುಗಿಯುವ ದಿನ ನಮ್ಮೂರುಗಳಿಂದ ಅಂಕೋಲೆ ಪೇಟೆಗೆ ಹಗರಣ ಹೊರಡುತ್ತದೆ. ಒಬ್ಬ ಸೈಕಲ್ ಪಂಪಿನಲ್ಲಿ ಇಂಜೆಕ್ಷನ್ ಕೊಡುವ ಡಾಕ್ಟರು, ಇನ್ನೊಬ್ಬ ಗದ್ದೆಯ ಬದಲು ಜನರ ಹೊಟ್ಟೆ ಅಳೆಯುವ ಸರ್ವೆಯವನು, ಮತ್ತೊಬ್ಬ ಮೀಸೆ ಬೋಳಿಸದ ಮದುಮಗಳು. ಹೀಗೆ ಯಾರ ಸೋಗನ್ನು ಬೇಕಾದರೂ ಹಾಕಬಹುದು, ಯಾರನ್ನು ಬೇಕಾದರೂ ಆಡಿಕೊಳ್ಳಬಹುದು. ನಮ್ಮೂರಿನ ಕಟ್ಟುಪಾಡು ಒಂದೇ. ಸೋಗು ಹಾಕಿದ ಮೇಲೆ ದಾರಿಯಲ್ಲಿ ಯಾರು ಏನು ಕೇಳಿದರೂ ಆ ಸೋಗಿನಲ್ಲೇ ಉತ್ತರ ಕೊಡಬೇಕು. ತಪ್ಪಿಸಿಕೊಳ್ಳುವ ಹಾಗಿಲ್ಲ. ಉತ್ತರ ಕೊಡದವನ ಸೋಗು ಕೆಟ್ಟಿತು ಎಂದು ಊರವರು ಕೈಬಿಡುತ್ತಾರೆ.

ಹಗರಣ ಕಟ್ಟುವವನು ನನ್ನ ಗೆಳೆಯ ಗಣಪು. ಅವನು ಒಂದು ತಳ್ಳುಗಾಡಿಗೆ ರಟ್ಟು ಕಟ್ಟಿ ದೊಡ್ಡ ಕಾರು ಮಾಡಿದ್ದ.

"ಅಜ್ಜ ಇವತ್ತು ಬಂದ್ರೆ ಹೆಂಗೆ ಬತ್ತಿದ್ರು ಹೇಳು? ಕಾರಲ್ಲಿ, ಸುತ್ತ ಬಂದೂಕಿನವ್ರು, ಮುಂದೆ ಕುಂಯ್ ಕುಂಯ್. ಕೂತ್ಕ ತಮಾ, ಪೇಟೆ ತುಂಬ ನಗಾಡ್ಲಿ!"

"ಮಾಮನಿಗೆ ಗೊತ್ತಾದ್ರೆ ಕೋಲು ಕಸಿತಾರೆ ಮಾರಾಯ."

"ಹೆದರ್ಕಂಡು ಕೂತ್ರೆ ಅದೆಂತಾ ಅಜ್ಜ?"

ಹೋಗಬಾರದಿತ್ತು ಎಂದು ನನಗೆ ಗೊತ್ತಿತ್ತು. ಆದರೆ ಪೀಠದ ಮೇಲೆ ನಿಂತು ನಿಂತು ನಾಲಿಗೆಗೆ ತುಕ್ಕು ಹಿಡಿದಿತ್ತು. ಜೊತೆಗೆ ಇನ್ನೊಂದೂ ಇತ್ತು, ಅದನ್ನು ಗಣಪುವಿಗೆ ಹೇಳಲಿಲ್ಲ. ಹಗರಣ ಹಾದುಹೋಗುವುದು ಹೊನ್ನಮ್ಮಜ್ಜಿಯ ಮೊಮ್ಮಗಳ ಮನೆಯ ಮುಂದಿನಿಂದ. ಹಗರಣದ ದಿನ ಅವಳು ಅಲ್ಲಿಗೆ ಬಂದು ಜಗಲಿಯ ಮೇಲೆ ಕೂರುತ್ತಿದ್ದಳು. ಅಲ್ಲಿ ಲಾಡು ಕೊಡುವವರು ಯಾರೂ ಇರುವುದಿಲ್ಲ.

ಹೊರಟೆವು. ಗುಮಟೆ ಬಡಿತ, ರಟ್ಟಿನ ಕಾರು, ಮರದ ಬಂದೂಕು, ಒಳಗೆ ಬೆಳ್ಳಿಯ ಅಜ್ಜ ಒಂದು ಕೈಯಲ್ಲಿ ಮೊಬೈಲು ಹಿಡಿದು ಜನರಿಗೆ ಟಾಟಾ ಮಾಡುತ್ತ. ಜನ ಬಿದ್ದು ಬಿದ್ದು ನಕ್ಕರು. ಕರಾರು ಅಲ್ಲೇ ಮುರಿಯಿತು. ಇನ್ನು ಉಳಿದದ್ದು ಅದು ಮಾಮನ ಕಿವಿಗೆ ಮುಟ್ಟುವುದಷ್ಟೆ. ನಾನು ಹತ್ತು ವರ್ಷದ ಮಾತನ್ನೆಲ್ಲ ಒಟ್ಟಿಗೆ ಬಿಡುತ್ತಿದ್ದೆ. "ಅಜ್ಜ, ಕಾರಿಗೆ ಎಣ್ಣೆ ಯಾರು ಹಾಕಿದ್ರು?" ಎಂದು ಒಬ್ಬ ಕೇಳಿದರೆ, "ನೋಟಿನ ಮೇಲೆ ನನ್ನದೇ ಫೋಟೋ ಇಲ್ವನಾ, ನೋಡ್ದೆ ಕೊಟ್ಬಿಡ್ತಾರೆ!" ಎಂದೆ. ಮತ್ತೆ ನಗು.

ಜಗಲಿಯ ಎದುರು ಗಾಡಿ ಬಂತು. ಹೊನ್ನಮ್ಮಜ್ಜಿ ಎದ್ದು ನಿಂತಳು. ಅವಳ ಕೋಲು ರಸ್ತೆಗೆ ಅಡ್ಡ ಬಂತು.

"ಕಾರಿಂದ ಇಳಿ."

ಗಣಪು ಗಾಡಿ ನಿಲ್ಲಿಸಿದ. ಗುಮಟೆ ನಿಂತಿತು. ಇಳಿದೆ.

"ಎಷ್ಟು ವರ್ಸಾ ಕೇಳ್ದೆ ನಿನ್ನ. ಬಾಯೇ ಬಿಡ್ಲಿಲ್ಲ ನೀನು. ಇಂದು ಬಿಡ್ಲೇ ಬೇಕು, ಹಗರಣ."

"ಕೇಳು ಅಬ್ಬೆ" ಎಂದೆ. ನಾಲಿಗೆಯ ತುದಿಯಲ್ಲಿ ಎರಡು ಜೋಕು ತಯಾರಿದ್ದವು.

"ನಿನ್ನ ಮಾತು ಕೇಳಿ ನಮ್ಮಪ್ಪ ತೀರ್ವೆ ಕೊಡ್ಲಿಲ್ಲ. ಗದ್ದೆ ಹೋತು. ಎತ್ತು ಹೋತು. ನಮ್ಮಬ್ಬೆ ಪರರ ಗದ್ದೆಲಿ ಬಗ್ಗಿದವ್ಳು ಮತ್ತೆ ನೆಟ್ಟಗಾಗ್ಲೇ ಇಲ್ಲ. ನೀನು ದೊಡ್ಡ ಮನಷಾ, ಪೇಟೆ ಪೇಟೆಲಿ ನಿಂತ್ಕಂಡಿ. ನಮ್ಮಪ್ಪ ಜೈಲಲ್ಲಿ ಕೆಮ್ಮುವಾಗ ನೀನು ಎಲ್ಲಿದ್ದೆ? ಹೇಳು."

ಹಿಂದಿನಿಂದ ಯಾರೋ "ಸಿಕ್ಕಿಬಿದ್ದ ಅಜ್ಜ!" ಎಂದು ಕಿರುಚಿದ. ನಾಲ್ಕು ಜನ ನಕ್ಕರು. ನನ್ನ ಎರಡೂ ಜೋಕುಗಳು ಎಲ್ಲಿ ಹೋದವೋ. ಬಿಸಿಲಿಗೆ ಬಣ್ಣ ಕಣ್ಣೊಳಗೆ ಇಳಿಯುತ್ತಿತ್ತು. ಸೋಗು ಕೆಡುತ್ತದೆ, ಏನಾದರೂ ಹೇಳಬೇಕು. ನಿಜವಾದ ಅಜ್ಜ ಇಲ್ಲಿ ನಿಂತಿದ್ದರೆ ಏನು ಹೇಳುತ್ತಿದ್ದರು ಎಂದು ಯೋಚಿಸಲಿಕ್ಕೂ ಹೊತ್ತಿರಲಿಲ್ಲ. ಬಾಯಿಗೆ ಬಂದದ್ದು ಇಷ್ಟೆ:

"ನಾನೂ ಜೈಲಲ್ಲೇ ಇದ್ದೆನೆ, ಅಬ್ಬೆ."

ಯಾರೂ ನಗಲಿಲ್ಲ. ಮದುಮಗಳ ಸೋಗಿನವನು ಸೆರಗು ಸರಿಮಾಡಿಕೊಂಡ. ಹೊನ್ನಮ್ಮಜ್ಜಿ ನನ್ನನ್ನು, ಎಂದರೆ ನನ್ನ ಮೈಮೇಲಿದ್ದ ಅಜ್ಜನನ್ನು, ಕಣ್ಣು ಕಿರಿದು ಮಾಡಿ ನೋಡಿದಳು.

"ಹೌದು," ಎಂದಳು. "ಅದೊಂದು ಇತ್ತು. ನಮ್ಮಬ್ಬೆನೂ ಅದನ್ನೇ ಹೇಳ್ತಿತ್ತು. ಅವನೂ ಒಳಗೇ ಅವ್ನೆ ಮಗಾ, ಅಂತ." ಆಮೇಲೆ ಕೋಲು ಹಿಂದಕ್ಕೆ ತೆಗೆದುಕೊಂಡಳು. "ಅದಕ್ಕೇ ಬರೀ ಬೈದು ಬಿಡ್ತೆ. ಇಲ್ಲದಿದ್ರೆ ಹೊಡಿತಿದ್ದೆ ನಿನ್ನ."

ಆಗ ನಗು ಬಂತು ನೋಡಿ. ಮೊದಲು ಅವಳೇ ನಕ್ಕಳು, ಹಲ್ಲಿಲ್ಲದ ಬಾಯಿ ತೆರೆದು. ಆಮೇಲೆ ಇಡೀ ರಸ್ತೆ. ಅಂಥ ನಗುವನ್ನು ನಾನು ಬದುಕಿನಲ್ಲಿ ಮತ್ತೆ ಕೇಳಿಲ್ಲ. ಮನೆಯಲ್ಲಿ ಬಹಳ ದಿನದ ಜಗಳ ಮುಗಿದಾಗ ಎಲ್ಲರೂ ಒಟ್ಟಿಗೆ ನಗುತ್ತಾರಲ್ಲ, ಹಾಗೆ. ಭಾಷಣಗಳಲ್ಲಿ ಅಜ್ಜನನ್ನು ಮಹಾತ್ಮ, ಧೀಮಂತ, ಯುಗಪುರುಷ ಎಂದೆಲ್ಲ ಹೇಳುವುದನ್ನು ಪೀಠದ ಮೇಲೆ ನಿಂತು ಸಾವಿರ ಸಲ ಕೇಳಿದ್ದೇನೆ. ಒಬ್ಬ ಮುದುಕಿ ದಾರಿಗೆ ಅಡ್ಡ ನಿಂತು ಬೈಯುವಷ್ಟು ಹತ್ತಿರದವರು ಅವರು ಎಂದು ಒಬ್ಬರೂ ಹೇಳಿರಲಿಲ್ಲ.

"ನಡಿ ನಡಿ, ಬಿಸಲಲ್ಲಿ ಬರೀ ಮೈಲಿ ನಿಲ್ಬೇಡ" ಎಂದಳು ಹೊನ್ನಮ್ಮಜ್ಜಿ. ನಾನು ಮತ್ತೆ ಕಾರು ಹತ್ತಲಿಲ್ಲ. ಪೇಟೆಯವರೆಗೂ ನಡೆದೇ ಹೋದೆ. ಖಾಲಿ ಕಾರನ್ನು ತಳ್ಳುತ್ತ ಗಣಪು ದಾರಿಯುದ್ದಕ್ಕೂ ನನ್ನನ್ನು ಶಪಿಸುತ್ತ ಬಂದ.

ಪೇಟೆಯಲ್ಲಿ ಗೇರುಬೀಜದ ಅಂಗಡಿಯ ಮೆಟ್ಟಿಲ ಮೇಲೆ ಮೊಣಕಾಲು ಹಿಡಿದುಕೊಂಡು ವಿಠೋಬ ಮಾಮ ಕೂತಿದ್ದರು. ಪ್ರತಿ ವರ್ಷ ಹಗರಣ ನೋಡಲು ಬಸ್ಸು ಹಿಡಿದು ಬರುತ್ತಿದ್ದರಂತೆ, ಅದು ನನಗೆ ಗೊತ್ತಿರಲಿಲ್ಲ. ಜಗಲಿಯ ಮುಂದಿನ ಸುದ್ದಿ ನನಗಿಂತ ಮೊದಲೇ ಪೇಟೆಗೆ ಬಂದಿತ್ತು. ಅವರು ಕೈ ಚಾಚಿದರು.

"ಕೊಡು."

"ಮಾಮ, ಅವ್ರು ನಕ್ಕದ್ದು ಅಜ್ಜನ ಮೇಲೆ ಅಲ್ಲ."

"ಗೊತ್ತು ರೇ. ಕೇಳಿ ನಾನೂ ನಕ್ಕೆ."

"ಮತ್ತೆ ಎಂತಕ್ಕೆ?"

"ಒಮ್ಮೆ ಮಾತಾಡಿದ ಮೇಲೆ ನಿಲ್ಲಲಿಕ್ಕೆ ಆಗುದಿಲ್ಲ ಬಾಬಾ. ನಾಳೆ ಪೀಠದ ಮೇಲೆ ನಿಂತ್ರೆ ಊರಿಗೆ ಊರೇ ಕೇಳ್ಲಿಕ್ಕೆ ಬರ್ತದೆ. ಗದ್ದೆ ಹೋದವ್ರು, ಮನೆ ಹೋದವ್ರು, ಮಗ ಹೋದವ್ರು. ನಿನ್ನ ಹತ್ರ ಎಷ್ಟು ಉತ್ತರ ಉಂಟು?"

"ಒಂದೇ."

"ಅದೂ ಖರ್ಚಾಯ್ತಲ್ಲ."

ಕೋಲು ಕೊಟ್ಟೆ, ಕನ್ನಡಕ ಕೊಟ್ಟೆ, ಶಾಲು ಕೊಟ್ಟೆ. ಪಂಚೆಯನ್ನು ಮಾತ್ರ ತೊಳೆದು ತಂದುಕೊಡುತ್ತೇನೆ ಎಂದೆ, ಪೇಟೆಯ ಮಾನದ ಪ್ರಶ್ನೆ ಇತ್ತು. ಮಾಮ ಬಸ್ಸು ಹತ್ತುವ ಮೊದಲು ನನ್ನ ಬೋಳುತಲೆಯ ಮೇಲೆ ಕೈಯಿಟ್ಟರು. ಅವರ ಅಂಗೈ ಬೆಳ್ಳಿಯಾಯಿತು.

ಈಗ ನಾನು ಅಂಕೋಲೆ ಕಾರವಾರದ ನಡುವೆ ಮಾವಿನಹಣ್ಣು, ಗೇರುಬೀಜದ ಟೆಂಪೊ ಓಡಿಸುತ್ತೇನೆ. ಮಾತಿಗೆ ತಡೆಯಿಲ್ಲ, ಬಂಗಡೆಗೆ ತಡೆಯಿಲ್ಲ, ಜನ ಮೊದಲಿನ ಹಾಗೆ ನನ್ನನ್ನು ನೋಡಿ ನಗುತ್ತಾರೆ. ಎಲ್ಲ ಸುಖವಾಗಿದೆ. ಆದರೂ ಅಕ್ಟೋಬರ್ ಬಂತೆಂದರೆ ಬೆಳಿಗ್ಗೆ ಎದ್ದು ಕನ್ನಡಿಯ ಮುಂದೆ ಸುಮ್ಮನೆ ನಿಲ್ಲುತ್ತೇನೆ, ಬರುತ್ತೇನೆ ಅಂದವರನ್ನು ಕಾಯುವ ಹಾಗೆ. ಯಾರೂ ಬರುವುದಿಲ್ಲ. ಹೆಂಡತಿ ಬಂದು ಹಲ್ಲುಜ್ಜಲು ಹೇಳುತ್ತಾಳೆ.

ಹೋದ ಸಲದ ಅಕ್ಟೋಬರ್ ಎರಡರಂದು ಟೆಂಪೊ ಖಾಲಿ ಮಾಡಿ ಕಾರವಾರದ ಮೈದಾನದ ಕಡೆ ಹೋದೆ. ಪೀಠದ ಮೇಲೆ ಹೊಸಬ ನಿಂತಿದ್ದ. ಚೆನ್ನಾಗಿಯೇ ನಿಂತಿದ್ದ, ಭುಜ ಮಾತ್ರ ಸ್ವಲ್ಪ ಬಿಗಿ. ಜನ ಸಾಲಿನಲ್ಲಿ ಬಂದು ಹೂವಿಟ್ಟು ಹೋಗುತ್ತಿದ್ದರು. ನೋಡುತ್ತ ನಿಂತವನಿಗೆ ಫಕ್ಕನೆ ಹೊಳೆಯಿತು: ಅಷ್ಟು ವರ್ಷ ಅಜ್ಜನ ಬಟ್ಟೆ ಉಟ್ಟವನು ನಾನು ಅವರಿಗೆ ಒಂದು ಸಲವೂ ಕೈ ಮುಗಿದಿಲ್ಲ. ಮುಗಿಯಬೇಕಾದರೆ ಎದುರಿಗೆ ನಿಲ್ಲಬೇಕಲ್ಲ. ನನಗೆ ಎಂದೂ ಆ ಕಡೆಯ ಜಾಗ ಸಿಕ್ಕಿರಲಿಲ್ಲ.

ಒಂದು ದಾಸವಾಳ ಹುಡುಕಿ ತಂದೆ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಹೊಟ್ಟೆಯನ್ನು ಅದರ ಪಾಡಿಗೆ ಬಿಟ್ಟು, ಸಾಲಿನ ಕೊನೆಗೆ ಹೋಗಿ ನಿಂತೆ. ಮುಂದಿದ್ದವರು ಕೇಳಿದರು, "ನೀವು ಅರ್ಜೆಂಟಲ್ಲಿ ಇದ್ರೆ ಮುಂದೆ ಹೋಗಿ."

"ಇಲ್ಲ," ಎಂದೆ. "ನಿಧಾನ ಆಗ್ಲಿ."